ಹಳೇ ಓಮ್ನಿಯ ಸ್ಟೇರಿಂಗ್ ಲಾಕ್ ಒಡೆಸುವ ಮುಂಚೆ ಇದನ್ನು ಓದಿ

ಕೀ ತಿರುಗುತ್ತಿಲ್ಲ ಅಂದ ಕೂಡಲೇ "ಲಾಕ್ ಒಡೆದು ಕೀ ಇಲ್ದೆ ಸ್ಟಾರ್ಟ್ ಆಗೋ ಹಾಗೆ ಡೈರೆಕ್ಟ್ ಮಾಡಿಬಿಡ್ತೀನಿ ಸಾರ್" ಎನ್ನುವ ಮೆಕ್ಯಾನಿಕ್ ಸಿಕ್ಕರೆ ಗಾಡಿ ಅವನ ಕೈಗೆ ಕೊಡಬೇಡಿ. ನಮ್ಮ ಭಾವನ ಓಮ್ನಿಗೆ ಹೀಗೇ ಆಯಿತು.

ಓಮ್ನಿ ತಯಾರಿಕೆ 2019ರಲ್ಲೇ ನಿಂತರೂ ನಮ್ಮ ಕಡೆ ಸಂತೆಗೂ ಅದೇ, ಮದುವೆ ಸಾಮಾನಿಗೂ ಅದೇ. ಭಾವ ಅದರಲ್ಲಿ ತರಕಾರಿ ಹೊಡೆಯುತ್ತಾರೆ. ಕೀ ಸವೆದು ಲಾಕ್ ಹಿಡಿದುಕೊಂಡಿತ್ತು. ರಸ್ತೆ ಬದಿಯ ಗ್ಯಾರೇಜಿನವನು ಕವರ್ ಬಿಚ್ಚಿ, ಸುತ್ತಿಗೆ ತಗೊಂಡು ನೇರ ಲಾಕಿಗೇ ಬಾರಿಸತೊಡಗಿದ.

ಈ ಲಾಕನ್ನು ಸ್ಟೇರಿಂಗ್ ಚಕ್ರದ ಕೆಳಗಿನ ಕೊಳವೆ, ಅಂದರೆ ಕಾಲಮ್‌ಗೆ ಹಿಡಿದಿರುವ ಬೋಲ್ಟ್‌ಗಳಿಗೆ ತಲೆ ಇರುವುದಿಲ್ಲ. ಫಿಟ್ ಮಾಡುವಾಗ ಬಿಗಿ ಮಾಡುತ್ತಾ ಹೋದರೆ ತಲೆ ಮುರಿದು ಬೀಳುವ ಹಾಗೇ ಮಾಡಿರುತ್ತಾರೆ, ಕಳ್ಳನ ಸ್ಪ್ಯಾನರ್‌ಗೆ ಹಿಡಿತ ಸಿಗಬಾರದು ಅಂತ. ಬಿಚ್ಚಬೇಕಾದರೆ ಸಣ್ಣ ಉಳಿಯನ್ನು ಬೋಲ್ಟಿನ ಅಂಚಿಗೆ ಓರೆಯಾಗಿಟ್ಟು, ಎಡಕ್ಕೆ ತಿರುಗುವಂತೆ ಮೆಲ್ಲಗೆ ತಟ್ಟಬೇಕು. ಆಗಲಿಲ್ಲವೆಂದರೆ ನಡುವೆ ಡ್ರಿಲ್ ಹಾಕಿ ತೆಗೆಯಬೇಕು. ತಾಳ್ಮೆಯ ಕೆಲಸ. ಲಾಕಿನ ಮೈ ಎರಕದ್ದು, ಜೋರು ಏಟಿಗೆ ಬಿರುಕು ಬಿಡುತ್ತದೆ. ಬಿಟ್ಟೇಬಿಟ್ಟಿತು.

ಬ್ಯಾಟರಿ ವೈರನ್ನೂ ಆಸಾಮಿ ತೆಗೆದಿರಲಿಲ್ಲ. ಲಾಕಿನ ಜೊತೆಗೇ ಇರುವ ಸ್ಟಾರ್ಟಿಂಗ್ ಸ್ವಿಚ್ಚಿಗೆ ಬರುವ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ಅದು ಗಾಡಿಯ ಲೋಹದ ಮೈಗೆ ತಾಗಿ ಚಟ್ ಅಂತ ಕಿಡಿ, ಹಿಂದೆಯೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವ ಗಾಡಿ ಇದು! ಭಾವ ಓಡಿ ಹೋಗಿ ಟರ್ಮಿನಲ್ ಕಿತ್ತರು.

ಆದರೆ ನಿಜವಾದ ಅಪಾಯ ಇದಲ್ಲ. ಒಡೆದ ಲಾಕನ್ನು ಪೂರ್ತಿ ತೆಗೆಯದೆ, ಬೈಂಡಿಂಗ್ ವೈರ್ ಸುತ್ತಿ ಕಾಲಮ್ ಮೇಲೇ ಬಿಟ್ಟು, ಸ್ಟಾರ್ಟ್ ಮಾಡಲು ಒಂದು ಪುಶ್ ಬಟನ್ ಕೂರಿಸಿ ಕಳಿಸಿದ. "ಏನೂ ಆಗಲ್ಲ, ಓಡ್ಸಿ" ಅಂದ. ಲಾಕಿನ ಒಳಗೆ ಸ್ಪ್ರಿಂಗ್ ತಳ್ಳುವ ಒಂದು ಉಕ್ಕಿನ ಪಿನ್ ಇರುತ್ತದೆ. ಕೀ ಒಳಗಿದ್ದಾಗ ಅದು ಹಿಂದೆ ನಿಲ್ಲುತ್ತದೆ, ಕೀ ತೆಗೆದರೆ ಸ್ಟೇರಿಂಗ್ ಶಾಫ್ಟಿನ ಸೀಳಿನೊಳಗೆ ಕೂರುತ್ತದೆ. ಲಾಕ್ ಒಡೆದ ಮೇಲೆ ಅದನ್ನು ತಡೆಯುವವರು ಯಾರು? ಕೆಲವು ದಿನ ಓಡಿತು. ಆಮೇಲೆ ಮಂಡಿ ಗೇಟಿನಲ್ಲಿ ತಿರುಗಿಸುವಾಗ ಟಕ್ ಅಂತ ಸ್ಟೇರಿಂಗ್ ನಿಂತೇ ಹೋಯಿತು. ಬಂಪರ್ ಹೋಗಿ ಕಂಬಕ್ಕೆ ಗುದ್ದಿತು. ಗಾಡಿ ನಿಧಾನಕ್ಕಿತ್ತು, ಬಚಾವಾದರು. ಹೈವೇ ಆಗಿದ್ದರೆ ಕಥೆ ಬೇರೆ.

ಫೋನ್ ಮಾಡಿ ಕೇಳಿದರೆ "ಹಳೇ ಗಾಡಿ ಅಲ್ವಾ ಸಾರ್" ಎಂಬ ಉತ್ತರ.

ಕೀ ತಿರುಗದಿದ್ದರೆ ಮೊದಲು ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪ ಅಲ್ಲಾಡಿಸುತ್ತಾ ಕೀ ತಿರುಗಿಸಿ ನೋಡಿ. ಎಷ್ಟೋ ಸಲ ಪಿನ್ ಮೇಲೆ ಭಾರ ಬಿದ್ದಿರುತ್ತದೆ, ಅಷ್ಟೆ. ಸ್ಪೇರ್ ಕೀ ಇದ್ದರೆ ಅದನ್ನೂ ಹಾಕಿ ನೋಡಿ. ಬದಲಿಸಲೇಬೇಕೆಂದರೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿಸಿ, ನೀವೇ ಎದುರಿಗೆ ನಿಂತು. ಹಳೇ ಲಾಕ್ ಪೂರ್ತಿ ಹೊರಗೆ ಬರಲಿ, ಪಿನ್ ಸಮೇತ. ಹೊಸದಕ್ಕೆ ಮಾಮೂಲಿ ಬೋಲ್ಟ್ ಹಾಕಲು ಬಿಡಬೇಡಿ, ತಲೆ ಮುರಿಯುವ ಬೋಲ್ಟನ್ನೇ ಕೇಳಿ. ಇಲ್ಲದಿದ್ದರೆ ಕಳ್ಳನಿಗೆ ಒಂದು ಸ್ಪ್ಯಾನರ್ ಸಾಕು. ಬರೀ ಸ್ಟೇರಿಂಗ್ ಲಾಕ್ ಬದಲಿಸಿದರೆ ಬಾಗಿಲಿಗೊಂದು, ಸ್ಟಾರ್ಟಿಂಗ್‌ಗೊಂದು ಕೀ ಆಗುತ್ತದೆ. ಭಾವ ಈಗ ಎರಡನ್ನೂ ಒಂದೇ ರಿಂಗಿಗೆ ಹಾಕಿಕೊಂಡಿದ್ದಾರೆ.