ಪಡುಬಿಸಿಲಿಗೆ ಚಳಿದೇಶದ ಗಾಜು: ನಾನು ಮೋಸ ಹೋದೆ, ನೀವು ಹೋಗಬೇಡಿ

ಉಡುಪಿಯಲ್ಲಿ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಡುವವರು, ದಯವಿಟ್ಟು ಇದನ್ನು ಓದಿದ ಮೇಲೆಯೇ ಗಾಜಿಗೆ ಮುಂಗಡ ಕೊಡಿ. ಮಲ್ಪೆಯ ಕಡೆಗೆ ಮುಖ ಮಾಡಿರುವ ನಮ್ಮ ಚಾವಡಿಗೆ ಜೋಡಿ ಗಾಜು ಹಾಕಿಸಿ ನಾನು ಮೋಸ ಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಆ ಗಾಜೇ ಬೇಕೆಂದು ಹಟ ಹಿಡಿದವನೂ ನಾನೇ.

ಮಗ ಮ್ಯೂನಿಕ್‌ನಲ್ಲಿದ್ದಾನೆ. ಜನವರಿಯಲ್ಲಿ ಅಲ್ಲಿಗೆ ಹೋಗಿದ್ದಾಗ, ಹೊರಗೆ ಹಿಮ ಬಿದ್ದಿದ್ದರೂ ಕಿಟಕಿಯ ಗಾಜಿಗೆ ಅಂಗೈ ಇಟ್ಟರೆ ಕೊರೆಯುತ್ತಿರಲಿಲ್ಲ. ಈ ಕತೆಯನ್ನು ಅಂಗಡಿಯಲ್ಲಿ ಹೇಳಿದ್ದೇ ತಪ್ಪಾಯಿತು. "ಅದೇ ಗಾಜು ಸಾರ್, ಯು ವ್ಯಾಲ್ಯೂ 1.4, ಲೋ-ಇ ಲೇಪ, ನಡುವೆ ಆರ್ಗಾನ್. ಚಳಿಯನ್ನೇ ತಡೆಯುವಂಥದ್ದು ಸೆಖೆಯನ್ನು ಬಿಡ್ತದಾ?" ಎಂದರು ಅಂಗಡಿಯವರು. (ಯು ವ್ಯಾಲ್ಯೂ ಎಂದರೆ ಗಾಜಿನ ಮೂಲಕ ಶಾಖ ಸೋರುವ ಪ್ರಮಾಣ, ಕಡಿಮೆಯಾದಷ್ಟೂ ಸೋರಿಕೆ ಕಡಿಮೆ; ಲೋ-ಇ ಎಂದರೆ ಶಾಖವನ್ನು ಹಿಂದಕ್ಕೆ ಕಳಿಸುವ ತೆಳು ಲೇಪ; ಆರ್ಗಾನ್ ಎರಡು ಗಾಜುಗಳ ನಡುವೆ ತುಂಬುವ ಅನಿಲ.) ಆ ಮಾತು ಎಷ್ಟು ಸರಿಯಾಗಿ ಕಂಡಿತೆಂದರೆ ಅಲ್ಲಿಯೇ ಚೆಕ್ ಬರೆದೆ.

ಏಪ್ರಿಲ್ ತಿಂಗಳ ಸಂಜೆ ನಾಲ್ಕಕ್ಕೆ ಚಾವಡಿಯ ಕೆಂಪು ನೆಲ ಕಾಲು ಸುಡುತ್ತಿತ್ತು. ಫೋನ್ ಮಾಡಿದರೆ, "ಎಂತ ಸಾರ್, ಏಪ್ರಿಲ್ ಅಲ್ವಾ, ಸೆಖೆ ಇರುವುದೇ" ಎಂಬ ಉತ್ತರ. ಎರಡನೆಯ ಸಲ, "ಕರ್ಟನ್ ಹಾಕಿ ನೋಡಿ." ಕರ್ಟನ್ ಹಾಕುವುದಾದರೆ ಇಷ್ಟು ದುಡ್ಡಿನ ಗಾಜು ಯಾಕೆ?

ಕೊನೆಗೆ ಎಂಜಿನಿಯರ್ ಆಗಿರುವ ಭಾವ ಬಂದು ರಾತ್ರಿ ಗಾಜಿನೆದುರು ಲೈಟರ್ ಹಚ್ಚಿ ಹಿಡಿದರು. ಎರಡು ಗಾಜಿಗೆ ನಾಲ್ಕು ಮೈ, ನಾಲ್ಕು ಬಿಂಬ. ಬಣ್ಣ ಬೇರೆಯಾಗಿ ಕಂಡದ್ದು ಹೊರಗಿನಿಂದ ಎಣಿಸಿದರೆ ಮೂರನೆಯದು. ಲೇಪವಿರುವ ಮೈಯ ಬಿಂಬಕ್ಕೆ ಬಣ್ಣ ಬೇರೆ, ಅಂದರೆ ಲೇಪ ಒಳಗಾಜಿನ ಮೇಲಿತ್ತು. ಬಿಸಿಲನ್ನು ಒಳಕ್ಕೆ ಬಿಟ್ಟುಕೊಂಡು ಕೋಣೆಯ ಬಿಸಿಯನ್ನು ಹೊರಗೆ ಬಿಡದಿರಲು ಚಳಿದೇಶದಲ್ಲಿ ಹೀಗೆ ಇಡುತ್ತಾರಂತೆ. ನಮಗೆ ಬೇಕಾದದ್ದು ಬಿಸಿಲು ತಡೆಯುವ ಜಾತಿಯ ಲೇಪ, ಅದೂ ಹೊರಗಾಜಿನ ಒಳಮೈಯಲ್ಲಿ. ಯು ವ್ಯಾಲ್ಯೂ ಹೇಳುವುದು ಒಳಗಿನ ಮತ್ತು ಹೊರಗಿನ ಉಷ್ಣಾಂಶದ ಅಂತರದಿಂದ ದಾಟುವ ಶಾಖವನ್ನು ಮಾತ್ರ. ಮ್ಯೂನಿಕ್‌ನ ಚಳಿಯಲ್ಲಿ ಆ ಅಂತರ 20 ಡಿಗ್ರಿ ಮೀರುತ್ತದೆ, ನಮ್ಮಲ್ಲಿ ಎಸಿ ಹಾಕಿದರೂ ಏಳೆಂಟು ಡಿಗ್ರಿ. ನೇರ ಬಿಸಿಲಿನ ಲೆಕ್ಕ ಎಸ್‌ಎಚ್‌ಜಿಸಿ ಎಂಬ ಇನ್ನೊಂದು ಅಂಕಿಯಲ್ಲಿದೆ. ಕೇಳಿ ಕೇಳಿ ಪಡೆದ ಕಾಗದದಲ್ಲಿ ಅದು 0.62, ಅಂದರೆ ಗಾಜಿಗೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ 62 ಪಾಲು ನಮ್ಮ ಚಾವಡಿಗೆ! ಕೊಟೇಶನ್‌ನಲ್ಲಿ ಆ ಅಂಕಿಯೇ ಇರಲಿಲ್ಲ.

ಆ ಕಾಗದ ಹಿಡಿದುಕೊಂಡು ಅಂಗಡಿಗೆ ಹೋದಾಗ ಅವರು ನಕ್ಕರು. "ಜರ್ಮನಿಯದ್ದೇ ಬೇಕು ಅಂದದ್ದು ನೀವೇ ಅಲ್ವಾ ಸಾರ್?" ಕೌಂಟರಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನನಗೆ ಬಾಯಿ ಬರಲಿಲ್ಲ.

ಪಶ್ಚಿಮದ ಕಿಟಕಿಗೆ ಎಸ್‌ಎಚ್‌ಜಿಸಿ 0.3ರ ಆಸುಪಾಸಿನ ಗಾಜನ್ನೇ ಕೇಳಿ, ಅಂಕಿಯನ್ನು ಬಿಲ್ಲಿನಲ್ಲಿ ಬರೆಸಿ, ಕೂರಿಸುವ ಮೊದಲು ಲೈಟರ್ ಹಿಡಿದು ನೋಡಿ. ಅವರ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸದ್ಯ ಕಿಟಕಿಯ ಹೊರಗೆ ಹಸಿರು ನೆಟ್ ಕಟ್ಟಿಸಿದ್ದೇನೆ. ನರ್ಸರಿ ಶುರು ಮಾಡಿದ್ದೀರಾ ಎಂದು ನೆರೆಮನೆಯವರು ಕೇಳುತ್ತಿದ್ದಾರೆ.