ಎರಡು ಮಸೂರ ಗೆಲಾಕ್ಸಿ, ಒಂದು ಕಾಫಿ ಕಣ

ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಟೆಲಿಸ್ಕೋಪ್ ಹೊರಗೆ ತಂದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಆದರೂ ಜನವರಿಯ ಅಮಾವಾಸ್ಯೆ ಬಿಡೋಕೆ ಮನಸ್ಸಾಗಲಿಲ್ಲ. ಮಡಿಕೇರಿ ಹತ್ತಿರ ನಮ್ಮ ತೋಟದ ಕಣ, 8 ಇಂಚಿನ ಡಾಬ್ಸೋನಿಯನ್ (ಸರಳ ಸ್ಟ್ಯಾಂಡ್ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್), ಒಂದೇ ರಾತ್ರಿ ಎರಡು ಮಸೂರ ಗೆಲಾಕ್ಸಿ (ಸುರುಳಿ ತೋಳಿಲ್ಲದ, ಮಸೂರದಂತೆ ನಡು ಉಬ್ಬಿದ ಗೆಲಾಕ್ಸಿ): ಎನ್‌ಜಿಸಿ 1316, ಎನ್‌ಜಿಸಿ 3115. ಎನ್‌ಜಿಸಿ ಅಂದರೆ ಆಕಾಶಕಾಯಗಳ ಒಂದು ಪಟ್ಟಿ, ಸಂಖ್ಯೆ ಅದರಲ್ಲಿನ ಕ್ರಮಾಂಕ.

ಹೆಚ್ಚು ಹೆಸರುವಾಸಿ 1316. ಸುಮಾರು 6 ಕೋಟಿ ಜ್ಯೋತಿರ್ವರ್ಷ ದೂರ. ಬೇರೆ ಗೆಲಾಕ್ಸಿಗಳನ್ನು ನುಂಗಿ ಬೆಳೆದದ್ದು. ರೇಡಿಯೋ ಟೆಲಿಸ್ಕೋಪಿಗೆ ಇದೇ ಫೋರ್ನಾಕ್ಸ್ ಎ, ಅಂದರೆ ಫೋರ್ನಾಕ್ಸ್ ನಕ್ಷತ್ರಪುಂಜದ ಪ್ರಬಲ ರೇಡಿಯೋ ಮೂಲ. 1980, 1981ರಲ್ಲಿ ಒಂದೊಂದು, 2006ರಲ್ಲಿ ಎರಡು ಸೂಪರ್‌ನೋವಾ (ಸಿಡಿದ ನಕ್ಷತ್ರ) ಕಂಡದ್ದು ಇದರಲ್ಲೇ.

ಆದರೆ ನಮ್ಮೂರಿಂದ ಅದು ದಕ್ಷಿಣ ದಿಗಂತದಿಂದ ಸುಮಾರು 40 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ಅದೂ ಜನವರಿಯಲ್ಲಿ ಸಂಜೆ ಏಳೂಮುಕ್ಕಾಲರ ಹೊತ್ತಿಗೆ. ಬಿಸಿಲು ಕುಡಿದ ಕಣದ ಸಿಮೆಂಟ್ ಆಗ ಇನ್ನೂ ಬೆಚ್ಚಗೆ. ಬಿಸಿಗಾಳಿ ಮೇಲೇಳುತ್ತಿತ್ತು, ನಕ್ಷತ್ರಗಳು ಕುದಿಯುವ ಎಣ್ಣೆಯಲ್ಲಿ ಬಿದ್ದಂತೆ ನಡುಗುತ್ತಿದ್ದವು. ಫೋರ್ನಾಕ್ಸ್‌ನಲ್ಲಿ ದಾರಿ ತೋರಿಸುವ ಹೊಳೆಯುವ ನಕ್ಷತ್ರವೂ ಇಲ್ಲ. ಅರ್ಧ ಗಂಟೆ ಹುಡುಕಿದೆ. ಸಿಕ್ಕಿದ್ದು ನಡುವೆ ಹೊಳಪಿರುವ ಒಂದು ಮಸುಕು ಉಂಡೆ. ಪಕ್ಕದಲ್ಲೇ ಉತ್ತರಕ್ಕೆ ಪುಟ್ಟ ಗೆಲಾಕ್ಸಿ 1317 ಕಂಡಿತು, ಅಷ್ಟೇ ಸಮಾಧಾನ.

3115 ಸಿಕ್ಕಿದ್ದು ರಾತ್ರಿ ಒಂದೂವರೆಗೆ. ಆಲ್ಫಾರ್ಡ್ ನಕ್ಷತ್ರದಿಂದ ಪೂರ್ವಕ್ಕೆ ಕೈ ಚಾಚಿದರೆ ಒಂದು ಮುಷ್ಟಿ ದೂರ, ಸ್ವಲ್ಪ ಉತ್ತರಕ್ಕೆ. ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಕಣ ತಣ್ಣಗಾಗಿತ್ತು, ಕಾಫಿ ಮೇಲೆ ಹೊದಿಸಿದ ಟಾರ್ಪಾಲಿನಲ್ಲಿ ಇಬ್ಬನಿ ತೊಟ್ಟಿಕ್ಕುತ್ತಿತ್ತು. 120 ಪಟ್ಟು ಹಿಗ್ಗಿಸಿದರೂ ಚಿತ್ರ ಅಲುಗಲಿಲ್ಲ. ಉದ್ದಕ್ಕೆ, ಎರಡೂ ತುದಿ ಚೂಪಾಗಿ, ಹೊಟ್ಟೆ ಮಾತ್ರ ಬೆಳಗಿತು. ಮಸೂರವನ್ನು ಅಂಚಿನಿಂದ ನೋಡಿದರೆ ಹೀಗೇ ಅಲ್ವಾ? ನೀರು ಕುಡಿಯಲು ಎದ್ದಿದ್ದ ಅತ್ತಿಗೆಯನ್ನು ಕರೆದು ತೋರಿಸಿದೆ. 'ಎಲ್ಲಿ ಚನ್ನಂಗಿ ಬೇಳೆ? ಇದು ಅಕ್ಕಿ ಕಾಳು' ಅಂದರು.

ಖಗೋಳಜ್ಞ ವಿಲಿಯಂ ಹರ್ಷೆಲ್ 3115ನ್ನು ಕಂಡದ್ದು 1787ರಲ್ಲಿ. ಇದರ ದೂರ 3 ಕೋಟಿ ಜ್ಯೋತಿರ್ವರ್ಷ ಚಿಲ್ಲರೆ, ಅಂದರೆ 1316ರ ಅರ್ಧದಷ್ಟು. ಸರಿಸಮ ಪೈಪೋಟಿ ಅಲ್ಲ, ಒಪ್ಪುತ್ತೇನೆ. ಆದರೂ ಕೊಡಗಿನಲ್ಲಿ ಕೂತು ನೋಡುವವರಿಗೆ ನನ್ನ ವೋಟು 3115ಕ್ಕೇ. 1316 ನೋಡಲೇಬೇಕು ಅಂದರೆ ಡಿಸೆಂಬರ್ ಶುರುವಿನಲ್ಲಿ, ರಾತ್ರಿ ಹತ್ತೂವರೆ ಮೇಲೆ, ಸಿಮೆಂಟ್ ಬಿಟ್ಟು ಹುಲ್ಲಿನ ಮೇಲೆ ಟೆಲಿಸ್ಕೋಪ್ ಇಡಿ.

ಇನ್ನೂ ನೋಡುತ್ತಿದ್ದೆ. ಕೆಳಗಿನ ತೋಟದಲ್ಲಿ ಬಿದಿರು ಮುರಿದ ಸದ್ದು. ಆನೆ! ಟ್ಯೂಬ್ ಎತ್ತಿಕೊಂಡು ಒಳಗೆ ಓಡಿದೆ. ಸ್ಟ್ಯಾಂಡ್ ಬೆಳಿಗ್ಗೆವರೆಗೂ ಕಣದಲ್ಲೇ ಇತ್ತು.