ಚಂದ್ರಕಾಳಿ ಉಟ್ಟ ಗೋಡೆ: ನಮ್ಮ ಓಣಿಗೆ ಚಿತ್ರ ತೆಗೆದವರ ಕೆಲಸ ಹೇಗಿದೆ?

ಹುಬ್ಬಳ್ಳಿ-ಧಾರವಾಡದಲ್ಲಿ ಗೋಡೆಗೆ ಚಿತ್ರ ತೆಗೆಸಬೇಕು ಅಂತ ಯಾರಾದರೂ ಹುಡುಕುತ್ತಿದ್ದರೆ ಇದನ್ನು ಓದಿ. ನಮ್ಮ ಓಣಿಗೆ ಬಂದಿದ್ದ ಕಲಾವಿದೆಯ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಮಳೆಗಾಲ ಕಳೆಯಲಿ ಅಂತ ಬೇಕಂತಲೇ ಕಾದೆ. ಧಾರವಾಡದ ಮಳೆಗೆ ನಿಲ್ಲದ ಬಣ್ಣವನ್ನು ಹೊಗಳಿ ಏನು ಉಪಯೋಗ? ಹೆಸರು, ನಂಬರ್ ಇಲ್ಲಿ ಹಾಕಬೇಡಿ ಅಂದಿದ್ದಾರೆ. ಗೋಡೆ ನೋಡಲು ಬಂದರೆ ಓಣಿಯಲ್ಲಿ ಯಾರನ್ನು ಕೇಳಿದರೂ ಕೊಡುತ್ತಾರೆ.

ಗೋಡೆ ಇರುವುದು ಮಾಳಮಡ್ಡಿಯಲ್ಲಿ. ರಿಟೈರ್ಡ್ ಮಾಸ್ತರೊಬ್ಬರ ಹಳೇ ಮನೆಯ ಕಂಪೌಂಡ್, 40 ಅಡಿ ಉದ್ದ, 7 ಅಡಿ ಎತ್ತರ. ಮೂರು ವರ್ಷದ ಹಿಂದೆ ಇದೇ ಗೋಡೆಗೆ ಬೇರೊಬ್ಬರಿಂದ ಚಿತ್ರ ಮಾಡಿಸಿದ್ದೆವು. ಅವರು ಮೊಬೈಲ್‌ನಲ್ಲಿ ಹತ್ತು ಡಿಸೈನ್ ತೋರಿಸಿ, ಒಂದು ಆರಿಸಿ ಅಂದರು. ಎರಡು ದೊಡ್ಡ ರೆಕ್ಕೆ, ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಅಷ್ಟೇ. ಎರಡು ದಿನದಲ್ಲಿ ಮುಗಿಸಿ ದುಡ್ಡು ತಗೊಂಡು ಹೋದರು. ಜೂನ್ ಮಳೆಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದು ಬಂತು, ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಅದಕ್ಕೇ ಈ ಸಲ ಎಲ್ಲರಿಗೂ ಅನುಮಾನ ಜಾಸ್ತಿ ಇತ್ತು.

ಈ ಕಲಾವಿದೆ ಡಿಸೈನ್ ತೋರಿಸಲೇ ಇಲ್ಲ. ಮೊದಲ ನಾಲ್ಕು ಸಂಜೆ ಸುಮ್ನೆ ಬಂದು ಎದುರುಮನೆ ಕಟ್ಟೆಯ ಮೇಲೆ ಕೂತರು. ಚಹಾ ಕುಡಿದರು, ಮಕ್ಕಳ ಹೆಸರು ಕೇಳಿದರು, ತರಕಾರಿ ಗಾಡಿಯವನು ಎಲ್ಲಿ ನಿಲ್ಲುತ್ತಾನೆ, ಬಿಸಿಲು ಯಾವ ಹೊತ್ತಿಗೆ ಗೋಡೆ ಬಿಡುತ್ತದೆ ಅಂತ ನೋಡಿಕೊಂಡರು. ನಮ್ಮಲ್ಲಿ ಕೆಲವರು ಬೇಂದ್ರೆ ಅಜ್ಜನ ಮುಖ ತೆಗೆಯಿರಿ ಅಂದರು, ಕೆಲವರು ಮನಸೂರರದು, ಗಂಗೂಬಾಯಿಯವರದು ಅಂದರು. ತೆಗೆದುಕೊಡುತ್ತೇನೆ ಅಂದರು ಅವರು, 'ಆದರೆ ಮುಖ ತೆಗೆದರೆ ನೀವೆಲ್ಲ ದೂರ ನಿಂತು ನೋಡ್ತೀರಿ, ನನಗೆ ನೀವು ಗೋಡೆ ಹತ್ತಿರ ಬರೋದು ಬೇಕು' ಅಂದರು. ಆಗ ಆ ಮಾತು ನನಗೆ ಅರ್ಥ ಆಗಿರಲಿಲ್ಲ.

ಆ ಕಟ್ಟೆ ಮನೆಯ ಅಜ್ಜಿಗೆ ಎಂಬತ್ತು ಹತ್ತಿರ. ಸಂಜೆ ಬೆಳಕು ಇರುವಷ್ಟು ಹೊತ್ತು ಕಸೂತಿ ಹಾಕುತ್ತಾರೆ. ಮೂರನೇ ಸಂಜೆ ಕಲಾವಿದೆ ಅವರ ತೊಡೆಯ ಮೇಲಿನ ಬಟ್ಟೆ ನೋಡಿ, 'ಅಜ್ಜಿ, ಇದನ್ನೇ ಗೋಡೆ ಮೇಲೆ ತೆಗೀಲಾ?' ಅಂದರು. ಅಜ್ಜಿ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: 'ಎಣಸ್ಲಿಕ್ಕೆ ಬರ್ತದೇನವಾ ನಿನಗ?'

ಕಸೂತಿ ಗೊತ್ತಿರುವವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿ ಹಾಕಬೇಕು. ದಾರಕ್ಕೆ ಗಂಟು ಇಲ್ಲ. ಗಾವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಗೋಪುರ, ತೇರು, ಪಲ್ಲಕ್ಕಿ, ಆನೆ, ಗಿಳಿ, ಎಲ್ಲವೂ ಅಡ್ಡಗೆರೆ, ಉದ್ದಗೆರೆ, ಓರೆಗೆರೆಯಲ್ಲೇ ಆಗಬೇಕು. ಕಲಾವಿದೆ ಮರುದಿನ ಬೆಳಿಗ್ಗೆ ಚೌಕಳಿ ಹಾಳೆಯ ಮೇಲೆ ಒಂದು ಗೋಪುರ ತೆಗೆದುಕೊಂಡು ಬಂದು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಬೆರಳಿಟ್ಟು ಎಣಿಸಿ, 'ಹೂಂ' ಅಂದರು. ಅಲ್ಲಿಂದ ಕೆಲಸ ಶುರು.

ಮೊದಲ ಐದು ದಿನ ಬಣ್ಣ ಮುಟ್ಟಲೇ ಇಲ್ಲ. ಹಳೇ ಬಣ್ಣ ಕೆರೆದು, ಗೋಡೆಯಲ್ಲಿ ಎದ್ದಿದ್ದ ಬಿಳಿ ಸವಳನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆದರು. ಬಿರುಕು ತುಂಬಿ, ಒಣಗಲು ಬಿಟ್ಟು, ಆಮೇಲೆ ಪ್ರೈಮರ್. ಕೆಳಗಿನ ಒಂದು ಅಡಿಗೆ ಮಾತ್ರ ಎಮಲ್ಷನ್ ಬೇಡವೇ ಬೇಡ ಅಂದರು. ನೆಲದ ತೇವ ಗೋಡೆಯೊಳಗೆ ಏರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು, ಮೇಲೆ ಪ್ಲಾಸ್ಟಿಕ್ ಥರದ ಬಣ್ಣ ಕೂತರೆ ಅದನ್ನೇ ತಳ್ಳಿಕೊಂಡು ಬರುತ್ತದೆ. ಹಿಂದಿನ ರೆಕ್ಕೆಗಳಿಗೆ ಆಗಿದ್ದೂ ಅದೇ. ಆ ಒಂದು ಅಡಿಗೆ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣು ಸಾರಿಸಿದ್ದಾರೆ, ನಮ್ಮ ಹಳೇ ಮನೆಗಳಲ್ಲಿ ಇರುತ್ತಿತ್ತಲ್ಲ, ಹಾಗೇ.

ಉಳಿದ 6 ಅಡಿಗೆ ಕಪ್ಪು. ಇದಕ್ಕೆ ಓಣಿಯಲ್ಲಿ ದೊಡ್ಡ ಜಗಳವೇ ಆಯಿತು. 'ಗೋಡೆಗೆ ಕರೇ ಬಣ್ಣ ಯಾರರ ಹಚ್ಚತಾರೇನ್ರಿ, ಅಪಶಕುನ' ಅಂತ ಮೂರು ಮನೆಯವರು ವರ್ಗಣಿ ಕೊಡುವುದಿಲ್ಲ ಅಂದರು. ಅಜ್ಜಿ ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಚಂದ್ರಕಾಳಿ ಸೀರೆ ತಂದು ಕಟ್ಟೆಯ ಮೇಲೆ ಹರವಿದರು. ಕಪ್ಪು ರೇಷ್ಮೆ, ಸೆರಗಿನ ತುಂಬ ಕಸೂತಿ, ಮಡಿಕೆ ಬಿದ್ದ ಕಡೆ ಎಳೆ ಬಿಟ್ಟಿತ್ತು. 'ಇದನ್ನ ಉಟಗೊಂಡೇ ಈ ಓಣಿಗೆ ಬಂದೆ' ಅಂದರು. ಮೂರರಲ್ಲಿ ಎರಡು ಮನೆಯವರು ಆವತ್ತೇ ವರ್ಗಣಿ ಕೊಟ್ಟರು.

ಈಗ ನನಗೆ ತುಂಬಾ ಹಿಡಿಸಿದ ಭಾಗ. ನೀಲಿ ಪುಡಿಯ ದಾರ ಹೊಡೆದು ಕಪ್ಪು ಭಾಗಕ್ಕೆಲ್ಲ 3 ಇಂಚಿನ ಚೌಕ ಮಾಡಿದರು, ಉದ್ದಕ್ಕೆ 160, ಎತ್ತರಕ್ಕೆ 24. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುವುದು. ಕಲಾವಿದೆ ಗೋಡೆಯ ಮೇಲೆ ಹೋಗುವ ಗೆರೆಗಳನ್ನಷ್ಟೇ ಎಳೆದರು. ಬರುವ ಗೆರೆಗಳನ್ನು ಓಣಿಗೆ ಬಿಟ್ಟರು. ಸ್ಕೂಲಿಗೆ ಹೋಗುವ ಮುಂಚೆ ಮಕ್ಕಳು, ಮಧ್ಯಾಹ್ನ ಬಿಸಿಲು ಸರಿದ ಮೇಲೆ ಹೆಂಗಸರು, ಸಂಜೆ ಆಫೀಸಿನಿಂದ ಬಂದವರು, ಒಬ್ಬೊಬ್ಬರೂ ನಾಲ್ಕೋ ಹತ್ತೋ ಗೆರೆ. ಗೋಡೆಯ ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ: ಒಂದು ಗೆರೆ ಸಪೂರ, ನೇರ. ಪಕ್ಕದ್ದು ದಪ್ಪ, ತುದಿಯಲ್ಲಿ ಚೂರು ನಡುಗಿದೆ. ಎರಡನೇ ತೇರಿನ ಬಲಗಾಲಿಯಲ್ಲಿ ನನ್ನ ಮಗಳ ಹನ್ನೊಂದು ಗೆರೆ ಇವೆ. ದಿನಾ ದಾಟುವಾಗ ಮುಟ್ಟುತ್ತಾಳೆ.

ದೊಡ್ಡ ಗೋಪುರ ಅರ್ಧ ಆದಾಗ ಅಜ್ಜಿ ಕಟ್ಟೆಯಿಂದಲೇ ತಪ್ಪು ಹಿಡಿದರು. ಎಡಗಡೆ ಒಂದು ಚೌಕ ಕಡಿಮೆ. 'ಬಟ್ಟಿ ಮ್ಯಾಲ ಆದ್ರ ಬಿಚ್ಚತೀವಿ. ಇಲ್ಲೆ ಏನ್ ಮಾಡ್ತಿ?' ಅಂದರು. ಕಲಾವಿದೆ ಏಣಿ ಇಳಿದು, ದೂರ ಬಂದು ಎಣಿಸಿ, ಹೌದು ಅಂತ ಒಪ್ಪಿ, ಕಪ್ಪು ಡಬ್ಬಿ ಬಿಚ್ಚಿ ಎರಡು ಬೆಳಗಿನ ಕೆಲಸವನ್ನು ಪೂರ್ತಿ ಬಳಿದುಬಿಟ್ಟರು. ಯಾರಿಗೂ ಕಾಣದ ತಪ್ಪು ಅದು, ಬಿಟ್ಟಿದ್ದರೂ ನಡೆಯುತ್ತಿತ್ತು. ಡಿ.ವಿ. ಹಾಲಭಾವಿಯವರು 1935ರಲ್ಲೇ ಕಲಾಶಾಲೆ ಕಟ್ಟಿದ ಊರು ಇದು. ಬ್ರಷ್ ಹಿಡಿದವರಿಗೆ ಇಲ್ಲಿ ಮರ್ಯಾದೆಯೂ ಇದೆ, ತಪ್ಪು ತೋರಿಸುವವರೂ ಇದ್ದಾರೆ. ಎರಡನ್ನೂ ಒಂದೇ ಥರ ತಗೊಳ್ಳುವ ಕಲಾವಿದೆಯನ್ನು ನಾನು ಮೊದಲ ಸಲ ನೋಡಿದೆ. ಆ ಎರಡು ದಿನಕ್ಕೆ ದುಡ್ಡು ಕೇಳಲಿಲ್ಲ.

ದುಡ್ಡಿನ ವಿಷಯ. ಚದರ ಅಡಿಗೆ 100 ರೂಪಾಯಿ, 240 ಚದರ ಅಡಿಗೆ 24,000. ಬಣ್ಣ, ಪ್ರೈಮರ್, ಬ್ರಷ್ ಎಲ್ಲ ಬೇರೆ, 7,800 ಆಯಿತು. ಕೆಮ್ಮಣ್ಣಿನ ಪಟ್ಟಿ ಅವರೇ ಮಾಡಿಕೊಟ್ಟರು. ಗೋಡೆ ಖಾಸಗಿಯದಾಗಿದ್ದರಿಂದ ಮಾಸ್ತರರ ಒಪ್ಪಿಗೆ ಪತ್ರ ಸಾಕಾಯಿತು. ನಿಮ್ಮದು ಸಾರ್ವಜನಿಕ ಗೋಡೆ ಆದರೆ ಮೊದಲು ಪಾಲಿಕೆ ಅನುಮತಿ ತಗೊಳ್ಳಿ, ಊರಿನ ಅಂದ ಕೆಡಿಸುವುದನ್ನು ತಡೆಯುವ ರಾಜ್ಯದ ಕಾಯ್ದೆ 1981ರಿಂದಲೇ ಇದೆ. ಅನುಮತಿ ಕಾಗದ ಕೈಗೆ ಬರದೆ ಇವರು ಏಣಿ ಹತ್ತುವುದಿಲ್ಲ, ಮೊದಲೇ ಹೇಳಿದ್ದರು.

ಇನ್ನು ಕೊರತೆಗಳು. ಹದಿನೈದು ದಿನ ಅಂದಿದ್ದು ಇಪ್ಪತ್ತಮೂರು ದಿನ ಆಯಿತು. ಕೆಲಸದಲ್ಲಿದ್ದಾಗ ಫೋನ್ ಎತ್ತುವುದೇ ಇಲ್ಲ. ಲೆಕ್ಕ ಎಲ್ಲ ಬಾಯಿಮಾತಿನಲ್ಲಿ, ನಾವೇ ಒತ್ತಾಯ ಮಾಡಿ ಬರೆಸಿಕೊಂಡೆವು, ನೀವೂ ಬರೆಸಿಕೊಳ್ಳಿ. ಕಪ್ಪು ಗೋಡೆಯ ಮೇಲೆ ಧೂಳು ತುಂಬಾ ಕಾಣುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅದನ್ನು ಅವರು ಮೊದಲೇ ಹೇಳಬೇಕಿತ್ತು. ಕಸ ಹಾಕುವುದು ಪೂರ್ತಿ ನಿಂತಿಲ್ಲ. ಗೋಡೆ ಬುಡದಿಂದ ಲೈಟ್ ಕಂಬದ ಬುಡಕ್ಕೆ ಹೋಗಿದೆ. ಇದಕ್ಕೆ ಅವರನ್ನು ದೂರುವುದಿಲ್ಲ.

ಮಳೆಗಾಲ ಮುಗಿದ ಮೇಲೆ ನಾವು ಕರೆಯದೆ ಅವರೇ ಬಂದರು. ಎರಡು ಕಡೆ ಪದರ ಎದ್ದಿತ್ತು, ಅಂಗೈಯಷ್ಟು ಜಾಗ. ಕೆರೆದು ಸರಿ ಮಾಡಿದರು. ಕೆಮ್ಮಣ್ಣು ತೊಳೆದುಹೋಗಿತ್ತು, ಅದನ್ನು ಹೇಗೆ ಕಲಸಿ ಸಾರಿಸಬೇಕು ಅಂತ ಹುಡುಗರಿಗೆ ತೋರಿಸಿ ಹೋದರು, ಇನ್ನು ಮೇಲೆ ಪ್ರತಿ ವರ್ಷ ಅದು ನಮ್ಮ ಕೆಲಸ.

ಗೋಡೆಯ ಬಲತುದಿಯಲ್ಲಿ 20 ಚೌಕದಷ್ಟು ಅಗಲ ಇನ್ನೂ ಖಾಲಿ ಇದೆ. ಅಲ್ಲಿ ತುಳಸಿ ಕಟ್ಟೆ ಬರಬೇಕು. ತುಳಸಿ ಲಗ್ನದ ದಿನ ಶುರು ಮಾಡೋಣ ಅಂತ ಅಜ್ಜಿ ಹೇಳಿದ್ದಾರೆ, ಈ ಸಲ ಹೋಗುವ ಗೆರೆಗಳನ್ನು ಅಜ್ಜಿಯೇ ಎಳೆಯುತ್ತಾರಂತೆ. ಏಣಿ ಬೇಡ, ಕುರ್ಚಿಯ ಮೇಲೆ ಕೂತು ಕೈಗೆ ಎಟುಕುವಷ್ಟು.